ಮುಡಿಯಿಂದ ಪೌಂಡಿಗೆ

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಕಾಲೇಜುಗಳಲ್ಲಿ ವಾಣಿಜ್ಯ ಓದುತ್ತಿರುವ ಮಕ್ಕಳಿಗೆ,

ಮೂವತ್ತು ವರ್ಷ ನಿಮ್ಮಂಥವರಿಗೆ ಪಾಠ ಹೇಳಿದವನು ನಾನು. ಜಾಗತೀಕರಣದ ಅಧ್ಯಾಯ ಬಂದಾಗಲೆಲ್ಲ ಕಪ್ಪುಹಲಗೆಯ ಮೇಲೆ ಮೊದಲು 1991 ಎಂದು ಬರೆಯುತ್ತಿದ್ದೆ. ಅದರ ಕೆಳಗೆ ಉದಾರೀಕರಣ, ಖಾಸಗೀಕರಣ, ಜಾಗತೀಕರಣ ಎಂದು ಮೂರು ಶಬ್ದ. ನಿಮ್ಮ ಅಣ್ಣಂದಿರು, ಅಕ್ಕಂದಿರು ಅದನ್ನೇ ಬರೆದು ಪಾಸಾದರು. ನಿವೃತ್ತಿಯ ಮೇಲೆ ಬಸ್ರೂರಿನ ಕೇರಿಗಳಲ್ಲಿ, ಬಾರಕೂರಿನ ಮುರಿದ ಕೋಟೆಯ ಬದಿಯಲ್ಲಿ, ಹಂಗಾರಕಟ್ಟೆಯ ಕಡವಿನಲ್ಲಿ ತಿರುಗಾಡುತ್ತ, ಹಳೆಯ ಪ್ರವಾಸಿಗರು ಬರೆದಿಟ್ಟದ್ದನ್ನು ಓದುತ್ತ ಹೋದಂತೆ ಆ 1991 ನನ್ನನ್ನು ಚುಚ್ಚತೊಡಗಿತು. ನಾನು ಮಕ್ಕಳಿಗೆ ಹೇಳಿದ್ದು ಸುಳ್ಳಲ್ಲ. ಆದರೆ ಅವರ ಮನೆಯಂಗಳದಲ್ಲೇ ಬಿದ್ದಿದ್ದ ಏಳುನೂರು ವರ್ಷದ ಲೆಕ್ಕವನ್ನು ಬಿಟ್ಟು, ದೆಹಲಿಯ ಮೂವತ್ತು ವರ್ಷದ ಲೆಕ್ಕವನ್ನಷ್ಟೇ ಕೊಟ್ಟೆ. ಬಿಟ್ಟದ್ದನ್ನು ಈಗ ಹೇಳುತ್ತಿದ್ದೇನೆ.

ಮುಡಿಯಿಂದ ಶುರು ಮಾಡುತ್ತೇನೆ. ನೀವು ಅದನ್ನು ದೇವಸ್ಥಾನದ ಹೊರೆಕಾಣಿಕೆಯ ಮೆರವಣಿಗೆಯಲ್ಲಿ ನೋಡಿರಬಹುದು. ಬೈಹುಲ್ಲನ್ನು ಹರಡಿ, ನಡುವೆ ಅಕ್ಕಿ ಸುರಿದು, ಹುಲ್ಲಿನದೇ ಹಗ್ಗ ಹೊಸೆದು ಬಿಗಿದು, ಮರದ ಕೊಡತಿಯಿಂದ ಸುತ್ತಲೂ ಬಡಿದು ಉರುಟು ಮಾಡಿದರೆ ಒಂದು ಮುಡಿ. ಒಳಗೆ 42 ಸೇರು ಅಕ್ಕಿ, ಇಂದಿನ ಲೆಕ್ಕದಲ್ಲಿ 40 ಕಿಲೋದ ಆಸುಪಾಸು. ಹುಳ ಹಿಡಿಯುವುದಿಲ್ಲ, ಮಳೆಗಾಲ ಕಳೆದರೂ ಮುಗ್ಗುವುದಿಲ್ಲ. ನಮ್ಮ ಅಜ್ಜಂದಿರು ಗದ್ದೆಯನ್ನು ಕೂಡ ಎಕರೆಯಲ್ಲಿ ಹೇಳುತ್ತಿರಲಿಲ್ಲ, ಇಷ್ಟು ಮುಡಿ ಗದ್ದೆ ಎನ್ನುತ್ತಿದ್ದರು. ಗೇಣಿ ಮುಡಿಯಲ್ಲಿ, ಸಾಲ ಮುಡಿಯಲ್ಲಿ, ದೇವರ ಕಾಣಿಕೆಯೂ ಮುಡಿಯಲ್ಲಿ.

ಈ ಮುಡಿಯನ್ನು ಪೋರ್ಚುಗೀಸ್ ಅಧಿಕಾರಿ ದುಆರ್ತೆ ಬಾರ್ಬೋಸಾ ನೋಡಿದ್ದ. 1516ರ ಸುಮಾರಿಗೆ ಅವನು ಬರೆದ ವಿವರದಲ್ಲಿ ಬಾರಕೂರು, ಬಸ್ರೂರು ಎರಡೂ ಬರುತ್ತವೆ. ಹೊರಗಿನ ಹಡಗುಗಳು ಇಲ್ಲಿಗೆ ಬಂದು ಅಕ್ಕಿ ತುಂಬಿಕೊಂಡು ಹೋರ್ಮುಜ್, ಏಡನ್, ಮಲಬಾರಿಗೆ ಹೋಗುತ್ತವೆ, ಬದಲಿಗೆ ತಾಮ್ರ, ತೆಂಗಿನಕಾಯಿ, ಬೆಲ್ಲ ತರುತ್ತವೆ ಎನ್ನುತ್ತಾನೆ. ಈ ಕರಾವಳಿಯ ಅಕ್ಕಿಯನ್ನು ಹುಲ್ಲಿನಲ್ಲಿ ಕಟ್ಟಿ, ಎಲ್ಲ ಕಟ್ಟೂ ಒಂದೇ ಅಳತೆಗೆ ಬರುವಂತೆ ಮಾಡಿ ಹಡಗಿಗೆ ಏರಿಸುತ್ತಾರೆ ಎಂಬುದನ್ನೂ ಗಮನವಿಟ್ಟು ಬರೆದಿದ್ದಾನೆ. ಪೋರ್ಚುಗೀಸರು ಆ ಕಟ್ಟನ್ನು 'ಫಾರ್ದು' ಎಂದು ಕರೆದರು. ಹೆಸರು ಅವರದು, ಅಳತೆ ನಮ್ಮದು. ಒಂದೇ ಗಾತ್ರದ ಪೊಟ್ಟಣ ಇದ್ದರೆ ಹಡಗು ತುಂಬುವುದು, ಎಣಿಸುವುದು, ಸುಂಕ ಹಾಕುವುದು ಎಲ್ಲ ಸುಲಭ. ಅಮೆರಿಕದಲ್ಲಿ ಮಾಲ್ಕಂ ಮೆಕ್ಲೀನ್ 1956ರ ಏಪ್ರಿಲ್ 26ರಂದು 58 ಅಲ್ಯೂಮಿನಿಯಂ ಪೆಟ್ಟಿಗೆಗಳನ್ನು ಹಡಗಿಗೇರಿಸಿ ಕಂಟೇನರ್ ಯುಗ ಶುರು ಮಾಡಿದ ಎಂದು ನಿಮ್ಮ ಪಠ್ಯದಲ್ಲಿದೆ. ಆ ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಿಂದ 'ಮುಡಿ' ಎಂದು ಬರೆದುಕೊಳ್ಳಿ.

ಬಾರ್ಬೋಸಾನಿಗೂ ಹಿಂದೆ, 1340ರ ದಶಕದಲ್ಲಿ, ಮೊರಾಕ್ಕೋದ ಇಬ್ನ್ ಬತೂತ ಈ ದಾರಿಯಲ್ಲಿ ಹೋದ. ಹೊನ್ನಾವರ ದಾಟಿ ಅವನು 'ಅಬೂ ಸರೂರ್' ಎಂಬ ಊರಿಗೆ ಬಂದ. ದೊಡ್ಡ ಅಳಿವೆಯ ದಂಡೆಯ ಚಿಕ್ಕ ಊರು, ತುಂಬ ತೆಂಗು ಎಂದು ಬರೆದ. ಅದನ್ನು ನಮ್ಮ ಬಸ್ರೂರು ಎಂದು ವಿದ್ವಾಂಸರು ಗುರುತಿಸುತ್ತಾರೆ. ಅಲ್ಲಿಂದ ಮುಂದೆ 'ಫಾಕನೂರ್', ಅಂದರೆ ಬಾರಕೂರು. ಅಲ್ಲಿನ ಕಬ್ಬಿನಷ್ಟು ಒಳ್ಳೆಯ ಕಬ್ಬು ಆ ಸೀಮೆಯಲ್ಲೇ ಬೇರೆ ಕಡೆ ಇಲ್ಲ ಎಂದು ಹೊಗಳಿದ. ಬ್ರಹ್ಮಾವರದ ಸಕ್ಕರೆ ಕಾರ್ಖಾನೆ ಮುಚ್ಚಿದ್ದನ್ನು ನೋಡಿದ ನನಗೆ ಆ ಸಾಲು ಓದುವಾಗ ಎದೆ ಭಾರವಾಯಿತು. ಆದರೆ ವಾಣಿಜ್ಯದವರಾದ ನೀವು ಓದಬೇಕಾದದ್ದು ಮುಂದಿನ ಸಾಲು. ಬಾರಕೂರಿನ ಅರಸನ ಬಳಿ ಸುಮಾರು 30 ಯುದ್ಧನಾವೆಗಳಿದ್ದವು. ಆ ದಾರಿಯಲ್ಲಿ ಹೋಗುವ ಪ್ರತಿ ಹಡಗೂ ಲಂಗರು ಹಾಕಿ ಅರಸನಿಗೆ ಕಾಣಿಕೆ ಕೊಡಲೇಬೇಕು. ಅದಕ್ಕೆ 'ಬಂದರದ ಹಕ್ಕು' ಎಂದು ಹೆಸರು. ಕೊಡದೆ ಹೋದ ಹಡಗನ್ನು ಬೆನ್ನಟ್ಟಿ ಹಿಡಿಯುತ್ತಿದ್ದರು. ಸುಂಕದ ಹಿಂದೆ ಯಾವಾಗಲೂ ಒಂದು ನೌಕಾಬಲ ಇರುತ್ತದೆ ಎಂಬುದನ್ನು ನಾನು ಪಠ್ಯದಿಂದ ಕಲಿಯಲಿಲ್ಲ, ಸೀತಾನದಿಯ ದಂಡೆಯಲ್ಲಿ ಕಲಿತೆ.

ಆ ಬಂದರುಗಳಲ್ಲಿ ವ್ಯಾಪಾರ ಮಾಡಿದವರು ಯಾರು? ಶಾಸನಗಳು ಸೆಟ್ಟಿಕಾರರು, ನಖರ, ಹಂಜಮಾನ ಎಂಬ ವರ್ತಕರ ಕೂಟಗಳನ್ನು ಹೇಳುತ್ತವೆ. ಹಂಜಮಾನ ಎಂದರೆ ಕಡಲಾಚೆಯಿಂದ ಬಂದ ವರ್ತಕರ ಸಂಘ. ಪರ್ಷಿಯನ್ನಿನ 'ಅಂಜುಮನ್' ನಮ್ಮ ಕಲ್ಲಿನ ಮೇಲೆ ಹಾಗೆ ಕನ್ನಡವಾಯಿತು. 'ಬಂದರು' ಕೂಡ ಅಲ್ಲಿನದೇ. ಕೊಡುಕೊಳೆ ಎರಡೂ ಕಡೆ ನಡೆಯಿತು: ದಕ್ಷಿಣದ ಸೆಟ್ಟಿ, ಚೆಟ್ಟಿಗಳನ್ನು ಪೋರ್ಚುಗೀಸರು 'ಚಟಿಂ' ಎಂದರು, ಚೌಕಾಸಿ ವ್ಯಾಪಾರಕ್ಕೆ ಅವರ ಭಾಷೆಯಲ್ಲಿ ಅದರಿಂದಲೇ ಒಂದು ಕ್ರಿಯಾಪದ ಹುಟ್ಟಿತು. ಗಂಗೊಳ್ಳಿಯ ಬಂದರಿನಲ್ಲಿ, ಜಾತ್ರೆಯ ಅಂಗಳದಲ್ಲಿ ನೀವು ಕೇಳುವ 'ಏಲಂ' ಅವರ 'ಲೆಯ್ಲಾಂವ್' ಎಂಬ ಶಬ್ದದ ಮೊಮ್ಮಗು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಬಸ್ರೂರಿನ ಸೆಟ್ಟಿಗಳ ಕೈಯಲ್ಲಿ ಫಿರಂಗಿ ಇರಲಿಲ್ಲ. ಆದರೂ ಪೋರ್ಚುಗೀಸರ ದಾಖಲೆಗಳಲ್ಲಿ 'ಬಾರ್ಸೆಲೋರಿನ', ಅಂದರೆ ಬಸ್ರೂರಿನ, 'ಚಟಿಂ'ಗಳ ಬಗ್ಗೆ ಒಂದು ಬಗೆಯ ಅಂಜಿಕೆ ಕಾಣುತ್ತದೆ. ಯಾಕೆ? 1510ರಲ್ಲಿ ಗೋವೆ ಹಿಡಿದವರಿಗೆ ಗೋವೆಯ ಅಕ್ಕಿ ಸಾಲಲಿಲ್ಲ. ಹೋರ್ಮುಜ್, ಮಸ್ಕತ್ತುಗಳ ಅವರ ಕೋಟೆಗಳಲ್ಲಂತೂ ಭತ್ತ ಬೆಳೆಯುವ ಮಾತೇ ಇಲ್ಲ. ಕೆನರಾದ, ಅಂದರೆ ನಮ್ಮ ಕರಾವಳಿಯ, ಮುಡಿ ಬಾರದಿದ್ದರೆ ಅವರ ಸೈನಿಕನ ಬಟ್ಟಲು ಬರಿದು. ಬಸ್ರೂರಿಗಾದರೋ ಕೊಳ್ಳುವವರು ಒಬ್ಬರಲ್ಲ. ಮಲಬಾರಿನವರು, ಅರಬರು, ಗುಜರಾತಿನವರು, ಜೊತೆಗೆ ಘಟ್ಟದ ಮೇಲಿನಿಂದ ಹೊಸಂಗಡಿ, ಕೊಲ್ಲೂರಿನ ದಾರಿಯಾಗಿ ಇಳಿಯುವ ಕಾಳುಮೆಣಸಿಗೆ ಕಾದು ಕುಳಿತವರು. ಕೊಳ್ಳುವವರು ನಾಲ್ವರಿದ್ದಾಗ ಮಾರುವವನ ಅಳತೆ ನಡೆಯುತ್ತದೆ. ಕೊಳ್ಳುವವನು ಒಬ್ಬನೇ ಉಳಿದಾಗ ಅವನ ಅಳತೆಗೆ ನಾವು ನಮ್ಮ ಮಾಲನ್ನು ಕೊಯ್ದು ಕೊಡಬೇಕಾಗುತ್ತದೆ. ವಿಶ್ವವ್ಯಾಪಾರದ ಚರಿತ್ರೆಯಲ್ಲಿ ನಾನು ಕಂಡ ತಿರುಳು ಇಷ್ಟೇ.

ಪೋರ್ಚುಗೀಸರಿಗೂ ಅದು ಗೊತ್ತಿತ್ತು. ಹಾಗಾಗಿ ಅವರು ಉಳಿದ ಗಿರಾಕಿಗಳನ್ನು ಓಡಿಸಲು ಹೊರಟರು. ತಮ್ಮ ರಹದಾರಿ, ಅಂದರೆ 'ಕರ್ತಾಜ್', ಇಲ್ಲದ ಹಡಗನ್ನು ಸಮುದ್ರದಲ್ಲೇ ಹಿಡಿದರು. ಕರಾವಳಿಯ ಬಂದರುಗಳಿಂದ ಅಕ್ಕಿಯನ್ನೇ ಕಪ್ಪವಾಗಿ ಎತ್ತಿದರು. 1565ರ ಯುದ್ಧದಲ್ಲಿ ವಿಜಯನಗರ ಕುಸಿಯಿತು. ಮೂರೇ ವರ್ಷದಲ್ಲಿ ಪೋರ್ಚುಗೀಸರು ಮಂಗಳೂರಿನಲ್ಲಿ ಕೋಟೆ ಕಟ್ಟಿದರು, 1569ರಲ್ಲಿ ವೈಸರಾಯ್ ಲೂಯಿಸ್ ದೆ ಅತಾಯ್ದೆ ಹೊನ್ನಾವರವನ್ನೂ ಬಸ್ರೂರಿನ ಅಳಿವೆಬಾಯಿಯನ್ನೂ ಹಿಡಿದ. ಸೆಟ್ಟಿಗಳ ಊರು ಹೊಳೆಯ ಒಳಗೆ, ಪೋರ್ಚುಗೀಸರ ಕೋಟೆ ಹೊಳೆಯ ಬಾಯಲ್ಲಿ. 1623ರಲ್ಲಿ ಬಂದ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಮೇಲಿನ ಬಾರ್ಸೆಲೋರ್, ಕೆಳಗಿನ ಬಾರ್ಸೆಲೋರ್ ಎಂದು ಎರಡನ್ನೂ ಬೇರೆ ಮಾಡಿ ಹೇಳಿದ್ದಾನೆ. ಕುಂದಾಪುರದಿಂದ ಬಸ್ರೂರಿಗೆ ಹೋಗುವಾಗ ಇದನ್ನು ನೆನಪಿಡಿ. ಊರಿನ ಕೊರಳಿಗೆ ಕೈ ಹಾಕಲು ಊರನ್ನು ಗೆಲ್ಲಬೇಕಾಗಿರಲಿಲ್ಲ, ಅಳಿವೆಯನ್ನು ಹಿಡಿದರೆ ಸಾಕಾಗಿತ್ತು.

ಆಮೇಲಿನದು ಬೇಗ ಹೇಳುತ್ತೇನೆ. 1650ರ ದಶಕದ ಮೊದಲಲ್ಲಿ ಕೆಳದಿಯ ಶಿವಪ್ಪ ನಾಯಕ ಪೋರ್ಚುಗೀಸರನ್ನು ಇಲ್ಲಿಂದ ಎಬ್ಬಿಸಿದ. 1665ರ ಫೆಬ್ರವರಿಯಲ್ಲಿ ಶಿವಾಜಿ ನೌಕಾಪಡೆಯೊಂದಿಗೆ ಬಂದು ಬಸ್ರೂರನ್ನು ಸೂರೆ ಮಾಡಿದ. ಅಷ್ಟು ದೂರದಿಂದ ಬಂದು ಸೂರೆ ಮಾಡುವಷ್ಟು ಹಣ ಆ ಊರಲ್ಲಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಡಚ್ಚರೂ ಬಂದು ಕೋಠಿ ತೆರೆದರು. ಕಾಲ ಹೋದಂತೆ ಬಸ್ರೂರಿನ ಹೊಳೆ ವಾರಾಹಿ ಹೂಳು ತುಂಬಿಕೊಂಡಳು, ದೊಡ್ಡ ಹಡಗುಗಳು ದೂರವಾದವು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೆನರಾ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಮೊದಲ ಕಲೆಕ್ಟರ್ ಥಾಮಸ್ ಮನ್ರೊ ಭೂಮಿಗೆ ತೆರಿಗೆ ಕಟ್ಟಿದ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಬೆಳೆ ಮುಡಿಯಲ್ಲಿ ಬರುತ್ತಿತ್ತು, ತೆರಿಗೆಯನ್ನು ರೊಕ್ಕದಲ್ಲಿ ಕೊಡಬೇಕಿತ್ತು. ಅಕ್ಕಿಯ ಬೆಲೆ ಏರಿದ್ದಷ್ಟು ಕಾಲ ನಡೆಯಿತು. ಬೆಲೆ ಇಳಿದಾಗ ಅದೇ ತೆರಿಗೆಗೆ ಮೊದಲಿಗಿಂತ ಹೆಚ್ಚು ಮುಡಿ ಮಾರಬೇಕಾಯಿತು. 1830–31ರಲ್ಲಿ ಕೆನರಾದ ರೈತರು ಕೂಟ ಕಟ್ಟಿದರು. ಊರೂರಲ್ಲಿ ಸೇರಿ, ತೆರಿಗೆ ಕೊಡುವುದಿಲ್ಲ ಎಂದು ಕುಳಿತರು. ಕಂಪನಿಯ ಕಾಗದಗಳಲ್ಲೂ ಆ ಚಳವಳಿಗೆ 'ಕೂಟ' ಎಂಬ ನಮ್ಮ ಶಬ್ದವೇ ಹೆಸರು. ದೂರದ ಪೇಟೆಯ ಬೆಲೆ ಇಳಿದರೆ ಇಲ್ಲಿನ ಅಂಗಳದಲ್ಲಿ ಏನಾಗುತ್ತದೆ ಎಂಬುದನ್ನು ಅವರು ಅರ್ಥಶಾಸ್ತ್ರ ಓದದೆ ತಿಳಿದಿದ್ದರು.

ಹಾಗೆಂದು ಹಳೆಯ ಕಾಲವನ್ನು ಚಿನ್ನದ ಕಾಲ ಎಂದು ನಾನು ಹೇಳಲಾರೆ. ಅಳತೆ ನಮ್ಮದಾಗಿತ್ತು ಎಂದೆನಲ್ಲ, ಆ 'ನಮ್ಮ' ಯಾರು? ಸೆಟ್ಟಿ, ಅರಸ, ಧಣಿ. ಗೇಣಿ ಅಳೆಯುವ ಕಳಸಿಗೆ ಬೇರೆ, ಕೂಲಿ ಅಳೆಯುವ ಸೇರು ಬೇರೆ ಎಂದು ನನ್ನ ಅಜ್ಜಿ ಸಾಯುವವರೆಗೂ ಹೇಳುತ್ತಿದ್ದರು. ನೇಜಿ ನೆಟ್ಟವರ ಮನೆಯಲ್ಲಿ ಆಟಿಯ ತಿಂಗಳಲ್ಲಿ ಗಂಜಿಗೆ ಅಕ್ಕಿ ಇರಲಿಲ್ಲ, ಅದೇ ಅಕ್ಕಿ ಮಸ್ಕತ್ತಿನ ಒಲೆಯ ಮೇಲೆ ಬೇಯುತ್ತಿತ್ತು. 1974ರ ಭೂಸುಧಾರಣೆ ಗೇಣಿಯ ಕಳಸಿಗೆಯನ್ನು ಒಡೆಯಿತು. ನಮ್ಮ ತಾಲೂಕುಗಳಲ್ಲಿ ನಡೆದ ಅತಿ ದೊಡ್ಡ ವ್ಯಾಪಾರ ಸುಧಾರಣೆ ಅದೇ ಎಂದು ನಾನು ನಂಬಿದ್ದೇನೆ, ಯಾವ ಪಠ್ಯಪುಸ್ತಕ ಅದನ್ನು ಆ ಹೆಸರಿನಿಂದ ಕರೆಯದಿದ್ದರೂ.

ಹಂಚಿನ ಕಥೆ ನಿಮ್ಮಲ್ಲಿ ಎಷ್ಟೋ ಜನರ ಮನೆಯದ್ದೇ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಮೊದಲ ಹಂಚಿನ ಕಾರ್ಖಾನೆ ತೆರೆಯಿತು. ಮಾದರಿ ಯುರೋಪಿನದು, ಆವೆಮಣ್ಣು ನಮ್ಮ ಹೊಳೆಬದಿಯದು, ಸೌದೆ ನಮ್ಮ ಘಟ್ಟದ್ದು. ನೋಡಿ ಕಲಿತ ಇಲ್ಲಿನವರು ಕುಂದಾಪುರದಲ್ಲಿ, ಹಂಗಾರಕಟ್ಟೆಯಲ್ಲಿ ತಮ್ಮವೇ ಕಾರ್ಖಾನೆ ಕಟ್ಟಿದರು. ಮಂಜಿ ಹಡಗುಗಳು ಹಂಚು ಹೇರಿಕೊಂಡು ಹೋದವು. ಮೊದಲ ಮಹಾಯುದ್ಧ ಬಂದಾಗ ಮಿಶನ್ನಿನ ಕಾರ್ಖಾನೆಗಳನ್ನು ಸರ್ಕಾರ ಶತ್ರುಗಳ ಆಸ್ತಿ ಎಂದು ವಶಪಡಿಸಿಕೊಂಡಿತು. ಯುರೋಪಿನ ಜಗಳಕ್ಕೆ ನೇತ್ರಾವತಿಯ ದಂಡೆಯ ಕಾರ್ಖಾನೆ ಕೈ ಬದಲಾಯಿಸಿತು. ಜಗತ್ತು ಹತ್ತಿರವಾಗುವುದು ಒಂದೇ ದಿಕ್ಕಿನ ಪಯಣವಲ್ಲ, ಅದು ಮುರಿದೂ ಬೀಳುತ್ತದೆ ಎಂಬುದಕ್ಕೆ ನಾನು ಕೊಡುವ ಉದಾಹರಣೆ ಅದು. ನಂತರ ಹೊಸ ಮಂಗಳೂರು ಬಂದರು ಬಂತು, 1998ರಲ್ಲಿ ಕೊಂಕಣ ರೈಲು ಪೂರ್ತಿಯಾಯಿತು, ಮನೆಗಳಿಗೆ ತಾರಸಿ ಬಂತು. ಹಂಗಾರಕಟ್ಟೆಗೆ ಹಂಚಿನ ಮಂಜಿ ಬರುವುದು ನಿಂತಿತು. ಭಟ್ಟಿಯ ಮುಂದೆ ದುಡಿದ ಹೆಂಗಸರು, ಗಂಡಸರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ನೆನಪನ್ನು ಬರೆದುಕೊಂಡವರು ಕಡಿಮೆ.

ಇನ್ನು ಗೇರುಬೀಜ. ಬ್ರೆಜಿಲ್ಲಿನ ಈ ಮರವನ್ನು ಪೋರ್ಚುಗೀಸರು ತಂದರು, ನಮ್ಮ ಹಾಡಿಗಳಲ್ಲಿ ಅದು ಇಲ್ಲಿಯದೇ ಎಂಬಂತೆ ಬೆಳೆಯಿತು. ಈಗ ನಮ್ಮ ಹಾಡಿಯ ಬೀಜ ನಮ್ಮ ಫ್ಯಾಕ್ಟರಿಗಳಿಗೆ ಸಾಲದು. ಆಫ್ರಿಕದಿಂದ ಹಸಿಬೀಜ ಬರುತ್ತದೆ, ಇಲ್ಲಿನ ಹೆಂಗಸರು ಸುಲಿದು ವಿಂಗಡಿಸುತ್ತಾರೆ, ತಿರುಳು ಹೊರದೇಶಕ್ಕೆ ಹೋಗುತ್ತದೆ. ವಿಯೆಟ್ನಾಮಿನ ಯಂತ್ರಗಳ ಜೊತೆ ಈ ಕೈಗಳಿಗೆ ಪೈಪೋಟಿ. ನಮ್ಮ ಮನೆಯ ಆಚೆಬದಿಯ ಒಬ್ಬ ಹೆಂಗಸು ಬೀಜದ ಫ್ಯಾಕ್ಟರಿಯಲ್ಲಿ ಇಪ್ಪತ್ತು ವರ್ಷ ದುಡಿದವರು. ಡಬ್ಲ್ಯೂ 320 ಎಂದರೆ ಏನು ಎಂದು ಒಮ್ಮೆ ಕೇಳಿದೆ. "ಪೌಂಡ್ ಅಂದ್ರೆ ಎಷ್ಟ್ ಅಂದೇಳಿ ನಂಗ್ ಗೊತ್ತಿಲ್ಲೆ ಮಾಸ್ಟ್ರೆ, ಮುನ್ನೂರಿಪ್ಪತ್ ಯಾವ್ದ್ ಅಂದೇಳಿ ಕೈಗ್ ಗೊತ್ತಿತ್" ಎಂದರು. ಒಂದು ಪೌಂಡಿಗೆ ಸುಮಾರು 320 ಬಿಳಿ ತಿರುಳು ತೂಗಿದರೆ ಅದು ಡಬ್ಲ್ಯೂ 320. ಒಂದು ಪೌಂಡು ಎಂದರೆ 453 ಗ್ರಾಂಗಿಂತ ತುಸು ಹೆಚ್ಚು. ನಮ್ಮ ದೇಶ ಮೆಟ್ರಿಕ್ ಅಳತೆಯ ಕಾನೂನು ಮಾಡಿದ್ದು 1956ರಲ್ಲಿ. ಕಂಟೇನರ್ ಹಡಗು ಹೊರಟ ವರ್ಷವೂ ಅದೇ, ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರು ರಾಜ್ಯ ಸೇರಿದ ವರ್ಷವೂ ಅದೇ. ಆಮೇಲೆ ಅಂಗಡಿಗಳಿಂದ ಪೌಂಡು ಕ್ರಮೇಣ ಮರೆಯಾಯಿತು. ಆದರೂ ಆ ತಾಯಿಯ ಬೆರಳಿಗೆ ಪೌಂಡು ಗೊತ್ತು, ಯಾಕೆಂದರೆ ಕೊಳ್ಳುವವನ ಅಳತೆ ಅದು.

ಬಾರ್ಬೋಸಾ ನಮ್ಮ ಮುಡಿಯಲ್ಲಿ ಎಣಿಸಿದ. ಈ ತಾಯಿ ಕೊಳ್ಳುವವರ ಪೌಂಡಿನಲ್ಲಿ ಎಣಿಸುತ್ತಾರೆ. ಐನೂರು ವರ್ಷಗಳಲ್ಲಿ ಆದದ್ದನ್ನು ನಾನು ಈ ಎರಡು ಸಾಲಿನಲ್ಲಿ ಓದುತ್ತೇನೆ.

ಹೊಳೆಬದಿಯ ಸಿಗಡಿ ಕೆರೆಗಳಲ್ಲೂ ಇದೇ. ಸಾಕುವವನು 'ಕೌಂಟ್' ಲೆಕ್ಕದಲ್ಲಿ ಮಾತಾಡುತ್ತಾನೆ, ಒಂದು ಕಿಲೋಗೆ ಎಷ್ಟು ಸಿಗಡಿ ಎಂದು. ಅದೇ ಸಿಗಡಿ ಹಡಗು ಹತ್ತುವಾಗ ಲೆಕ್ಕ ಪೌಂಡಿಗೆ ತಿರುಗುತ್ತದೆ. ಭಾರತದ ಸಿಗಡಿಗೆ ಅತಿ ದೊಡ್ಡ ಗಿರಾಕಿ ಅಮೆರಿಕ. 2025ರ ಆಗಸ್ಟ್ 27ರಂದು ಅಲ್ಲಿ ಭಾರತದ ಸರಕಿನ ಮೇಲಿನ ಹೆಚ್ಚುವರಿ ಸುಂಕ ಶೇಕಡಾ 50ಕ್ಕೆ ಏರಿದಾಗ, ಒಂದೇ ಮನೆಗೆ ಹಾಲು ಹಾಕುವವನ ಪಾಡು ಏನೆಂದು ಸಿಗಡಿ ಸಾಕುವವರಿಗೆ ಗೊತ್ತಾಯಿತು. 'ಬಂದರದ ಹಕ್ಕು' ಮತ್ತೆ ಬಂದಿತ್ತು, ಈ ಸಲ ಲಂಗರು ಹಾಕಬೇಕಾದವರು ನಾವು. ಬೈಂದೂರು ಕಡೆಯ ಜಡ್ಕಲ್, ಮುದೂರಿನ ರಬ್ಬರ್ ತೋಟದವರು ಬೆಳಿಗ್ಗೆ ಪೇಪರಿನಲ್ಲಿ ಮೊದಲು ನೋಡುವುದು ಕೊಟ್ಟಾಯಂ ದರವನ್ನು. ಕಾಳುಮೆಣಸಿನವರಂತೂ, ವಿಯೆಟ್ನಾಮಿನ ಮೆಣಸು ಶ್ರೀಲಂಕಾದ ದಾರಿಯಾಗಿ ಒಳಬಂದು ಬೆಲೆ ಬಿದ್ದಾಗ, ಸರ್ಕಾರ 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿಗಿಂತ ಕಡಿಮೆಗೆ ಆಮದು ಕೂಡದು ಎಂದು ಗೆರೆ ಎಳೆಯುವವರೆಗೆ ಕಾಯಬೇಕಾಯಿತು. ಯಾವ ಮೆಣಸಿಗಾಗಿ ಜಗತ್ತು ನಮ್ಮ ಅಳಿವೆಗೆ ಬಂದಿತ್ತೋ ಆ ಮೆಣಸು!

ಮತ್ತೆ, ನಿಮ್ಮ ಅಪ್ಪಂದಿರು, ಮಾವಂದಿರು. ಶಿರೂರು, ಗಂಗೊಳ್ಳಿ, ಕೋಟ, ಬ್ರಹ್ಮಾವರದ ಎಷ್ಟು ಮನೆಗಳು ಗಲ್ಫಿನ ದುಡಿಮೆಯಿಂದ ಎದ್ದು ನಿಂತಿವೆ ಎಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಹಿಂದೆ ಮಸ್ಕತ್ತಿಗೆ, ಹೋರ್ಮುಜಿಗೆ ನಮ್ಮ ಅಕ್ಕಿ ಹೋಗುತ್ತಿತ್ತು. ಈಗ ಅದೇ ಕಡಲಿನಾಚೆಗೆ ಮಕ್ಕಳು ಹೋಗುತ್ತಾರೆ, ಗದ್ದೆ ಹಡಿಲು ಬೀಳುತ್ತದೆ. ಹೋದವರನ್ನು ನಾನು ದೂರುವುದಿಲ್ಲ. ಹೋಗದಿದ್ದರೆ ನಿಮ್ಮಲ್ಲಿ ಅನೇಕರು ಕಾಲೇಜಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಕೋಟದವರೇ ಆದ ಶಿವರಾಮ ಕಾರಂತರ 'ಮರಳಿ ಮಣ್ಣಿಗೆ'ಯನ್ನು ಕನ್ನಡದ ಪರೀಕ್ಷೆಗಾಗಿ ಅಲ್ಲ, ವಾಣಿಜ್ಯದ ಪುಸ್ತಕವಾಗಿ ಒಮ್ಮೆ ಓದಿ. ಕಡಲಂಚಿನ ಒಂದು ಮನೆಯ ಮೂರು ತಲೆಮಾರಿನಲ್ಲಿ ಯಾರು ಏನನ್ನು ಮಾರಿದರು, ಏನನ್ನು ಕೊಂಡರು ಎಂಬ ಪಟ್ಟಿ ಮಾಡುತ್ತ ಓದಿ.

ನಾನು ನಿಮ್ಮಿಂದ ಕೇಳುವುದು ದೊಡ್ಡದೇನಲ್ಲ. ಕೊನೆಯ ವರ್ಷಕ್ಕೆ ಪ್ರಾಜೆಕ್ಟ್ ಬರೆಯುತ್ತೀರಿ. ಬ್ಯಾಂಕಿನ ಗ್ರಾಹಕ ತೃಪ್ತಿ, ಮೊಬೈಲ್ ಕಂಪನಿಯ ಮಾರುಕಟ್ಟೆ ತಂತ್ರ ಎಂದು ಅದೇ ಹತ್ತು ವಿಷಯಗಳು ವರ್ಷವರ್ಷವೂ ಸುತ್ತುತ್ತವೆ. ನಾನೂ ಅಂಥ ನೂರಾರು ಪ್ರಾಜೆಕ್ಟುಗಳಿಗೆ ಸಹಿ ಹಾಕಿದ್ದೇನೆ. ಈ ಸಲ ನಾಲ್ಕೈದು ಜನರಾದರೂ ಒಂದು ಸರಕಿನ ಹಿಂದೆ ಹೋಗಿ. ಗಂಗೊಳ್ಳಿಯ ದಕ್ಕೆಯಲ್ಲಿ ಏಲಂ ಆದ ಒಂದು ಬುಟ್ಟಿ ಮೀನು, ಒಂದು ಮೂಟೆ ಗೇರುಬೀಜ, ಒಂದು ಶೀಟು ರಬ್ಬರ್. ಅದು ಯಾವ ಯಾವ ಕೈ ದಾಟುತ್ತದೆ, ಪ್ರತಿ ಕೈಯಲ್ಲೂ ಯಾವ ಅಳತೆಯಲ್ಲಿ ಎಣಿಕೆಯಾಗುತ್ತದೆ, ಬೆಲೆ ಹೇಳುವವರು ಯಾರು, ಬೇಡ ಎಂದರೆ ಮಾರುವವನಿಗೆ ಎರಡನೆಯ ಗಿರಾಕಿ ಇದ್ದಾನೆಯೆ? ಕೊನೆಯ ಪ್ರಶ್ನೆಯನ್ನು ಮಾತ್ರ ಬಿಡಬೇಡಿ. ಹಂಚಿನ ಕಾರ್ಖಾನೆಯಲ್ಲಿ ದುಡಿದ ಅಜ್ಜ, ಅಜ್ಜಿ ಮನೆಯಲ್ಲಿದ್ದರೆ ಮೊಬೈಲಿನಲ್ಲೇ ಅವರ ಮಾತು ಹಿಡಿದಿಡಿ. ಅವರ ಕುಂದಾಪ್ರ ಕನ್ನಡವನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ.

ನಾನು ಹುಡುಕಿಕೊಂಡಿರುವುದು ಮುಡಿಯನ್ನು. ನಮ್ಮ ಊರಿನ ಹತ್ತಿರ ಎಂಬತ್ತು ದಾಟಿದ ಒಬ್ಬರಿದ್ದಾರೆ, ಇನ್ನೂ ಕಟ್ಟಬಲ್ಲರು. "ಮುಡಿ ಕಟ್ಟುಕೆ ಹುಲ್ಲೇ ಇಲ್ಲ ಮಾಸ್ಟ್ರೆ" ಎನ್ನುತ್ತಾರೆ. ಕಟಾವಿನ ಮಿಷನ್ನು ಹುಲ್ಲನ್ನು ತುಂಡು ಮಾಡಿ ಉಗುಳುತ್ತದೆ, ಮುಡಿಗೆ ಕೈಯಲ್ಲಿ ಕೊಯ್ದ ಉದ್ದ ಹುಲ್ಲೇ ಬೇಕು. ಈ ವರ್ಷ ಒಂದು ತುಂಡು ಗದ್ದೆಯನ್ನು ಅದಕ್ಕೆಂದೇ ಕೈಯಲ್ಲಿ ಕೊಯ್ಯಿಸಿದ್ದೇನೆ. ಹುಲ್ಲು ಅಟ್ಟದ ಮೇಲಿದೆ. ಬರುವ ತಿಂಗಳು ಮೊದಲ ಭಾನುವಾರ ಅವರು ಅಂಗಳದಲ್ಲಿ ಕೂತು ಕಟ್ಟುತ್ತಾರೆ. ಕಲಿಯುವ ಮನಸ್ಸಿದ್ದವರು ಬನ್ನಿ. ಊಟ ನಮ್ಮಲ್ಲೇ. ಬರುವಾಗ ಒಂದು ಒಳ್ಳೆಯ ತಕ್ಕಡಿ ತನ್ನಿ, 42 ಸೇರು ಎಂದು ಕಟ್ಟಿದ್ದನ್ನು ತೂಗಿ ಬರೆದಿಡಬೇಕು.

ಇಂತಿ,
ನಿಮ್ಮ ಹಳೆಯ ಮಾಸ್ಟ್ರು